ಮನಸ್ಸಿದ್ದರೂ ಸಾಗದ ಮಾರ್ಗ

‘ಮನಸ್ಸಿದ್ದರೆ ಮಾರ್ಗ’ ಎಂಬ ಗಾದೆಯನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆಯೋ, ಹಿಡಿದ ಕೆಲಸವನ್ನು ಮುಗಿಸಲಾಗದವರನ್ನು ಅಷ್ಟೇ ಸಲೀಸಾಗಿ ಸೋಮಾರಿಗಳೆಂದು ಕರೆದುಬಿಡುತ್ತೇವೆ. ಮಾರ್ಗ ಕಾಣಲಿಲ್ಲವೆಂದರೆ ಮನಸ್ಸೇ ಇರಲಿಲ್ಲವೆಂಬುದು ನಮ್ಮ ತೀರ್ಪು. ಆದರೆ ಮನಸ್ಸೂ ಇದ್ದು, ಮಾರ್ಗವೂ ಕಣ್ಣೆದುರಿಗಿದ್ದು, ಮೊದಲ ಹೆಜ್ಜೆಯನ್ನಿಡಲಾರದೆ ನಿಂತುಬಿಡುವ ಜನರಿದ್ದಾರೆ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸಂಸಾರವನ್ನು ಸಾಗಿಸುವ ಸಂದರ್ಭದಲ್ಲಿ ಇವರ ಪಾಡು ಯಾರಿಗೂ ಬೇಡ.

ಯಾವುದೇ ಕಾರ್ಯವನ್ನು ಕೈಗೊಳ್ಳುವಾಗ ಅದನ್ನು ಬಿಡಿಬಿಡಿಯಾಗಿ ವಿಂಗಡಿಸಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸಬೇಕು, ಆರಂಭಿಸಬೇಕು, ನಡುವೆ ಬಂದ ಅಡ್ಡಿಯನ್ನು ದಾಟಿ ಮತ್ತೆ ಅದಕ್ಕೇ ಹಿಂದಿರುಗಬೇಕು. ಈ ಯಜಮಾನಿಕೆಯಲ್ಲಿ ಹಣೆಯ ಹಿಂದಿರುವ ಮಿದುಳಿನ ಭಾಗಕ್ಕೆ ಹಿರಿಯ ಪಾಲುಂಟು. ಅದು ಸಡಿಲವಾದ ಸ್ಥಿತಿಯನ್ನು ಮನೋವಿಜ್ಞಾನಿಗಳು ‘ಎಕ್ಸಿಕ್ಯುಟಿವ್ ಡಿಸ್‌ಫಂಕ್ಷನ್’ ಎನ್ನುತ್ತಾರೆ. ಕಾರ್ಯನಿರ್ವಹಣೆಯ ಕುಂದು ಎಂದು ನಾವು ಕರೆಯಬಹುದು. ಅದು ಸ್ವತಂತ್ರವಾದ ರೋಗವಲ್ಲ. ಎಡಿಎಚ್‌ಡಿ ಎಂಬ ಗಮನದ ಕೊರತೆ, ಆಟಿಸಂ, ಖಿನ್ನತೆ, ತಲೆಯ ಪೆಟ್ಟು ಮುಂತಾದವುಗಳ ಜೊತೆಗೆ ಕಾಣಿಸಿಕೊಳ್ಳುವಂಥದು. ಬುದ್ಧಿವಂತರನ್ನೂ ಅದು ಬಿಡುವುದಿಲ್ಲ. ಜಟಿಲವಾದ ಲೆಕ್ಕವನ್ನು ಬಿಡಿಸಬಲ್ಲವರೇ ಒಂದು ಅರ್ಜಿಯನ್ನು ತುಂಬಲಾರದೆ ವಾರಗಟ್ಟಲೆ ಕಳೆಯಬಹುದು.

ಬಹುಕಾಲ ಬಾಳಿದ ಊರಿನಲ್ಲಿ ಇಂಥವರ ಜೀವನ ಹೇಗೋ ಸಾಗುತ್ತದೆ. ಅವರ ನೆನಪಿನ ಅರ್ಧ ಭಾರವನ್ನು ಅಲ್ಲಿ ಊರೇ ಹೊತ್ತಿರುತ್ತದೆ. ಹಾಲಿನವನ ಸೈಕಲ್ ಗಂಟೆ ಹೊತ್ತನ್ನು ತಿಳಿಸುತ್ತದೆ. ಬೀಗದ ಕೈ ಎಂದಿನ ಮೊಳೆಯಲ್ಲೇ ತೂಗುತ್ತಿರುತ್ತದೆ. ಔಷಧದ ಅಂಗಡಿಯವನು ‘ಈ ತಿಂಗಳ ಮಾತ್ರೆ ಒಯ್ಯಲಿಲ್ಲವಲ್ಲ’ ಎಂದು ತಾನಾಗಿ ಕೇಳುತ್ತಾನೆ. ವರ್ಷಗಳ ರೂಢಿಯಿಂದ ಕಟ್ಟಿಕೊಂಡ ಈ ಆಸರೆ, ಹುಬ್ಬಳ್ಳಿಯಿಂದ ಪುಣೆಗೋ ಬೆಂಗಳೂರಿನಿಂದ ಹೈದರಾಬಾದಿಗೋ ಸಾಮಾನು ಹೊತ್ತು ಹೊರಟ ಲಾರಿಯಲ್ಲಿ ಬರುವುದಿಲ್ಲ.

ಆಸರೆ ತಪ್ಪಿದ ಆ ಗಳಿಗೆಯಲ್ಲೇ ಅರ್ಜಿಗಳ ಸಾಲು ಎದುರಾಗುತ್ತದೆ: ಮಗುವಿನ ವರ್ಗಾವಣೆ ಪತ್ರ, ಬಾಡಿಗೆಯ ಕರಾರು, ಆಧಾರಿನ ವಿಳಾಸ, ಮತದಾರರ ಪಟ್ಟಿಗಾಗಿ ನಮೂನೆ 8. ವಾಹನವೊಂದಿದ್ದರಂತೂ ಕೇಳಬೇಕಾಗಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯಂತೆ, ಅದನ್ನು 12 ತಿಂಗಳಿಗೂ ಮೀರಿ ಬೇರೆ ರಾಜ್ಯದಲ್ಲಿಟ್ಟುಕೊಳ್ಳುವವರು ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೊದಲು ಹಳೆಯ ಕಚೇರಿಯ ನಿರಾಕ್ಷೇಪಣಾ ಪತ್ರ. ಬಳಿಕ ಹೊಸ ರಾಜ್ಯದ ತೆರಿಗೆ. ಹಳೆಯ ರಾಜ್ಯದಲ್ಲಿ ಕಟ್ಟಿದ್ದರ ಮರುಪಾವತಿಗೆ ಇನ್ನೊಂದು ಅರ್ಜಿ. ಗಮನ ನಿಲ್ಲಲೆಂದು ಕೆಲವರಿಗೆ ಕೊಡುವ ಮಿಥೈಲ್‌ಫೆನಿಡೇಟ್ ಎಂಬ ಔಷಧವೋ 1985ರ ಮಾದಕ ದ್ರವ್ಯಗಳ ಕಾಯಿದೆಯ ಹತೋಟಿಯಲ್ಲಿರುವಂಥದು. ವೈದ್ಯರ ಚೀಟಿಯಿಲ್ಲದೆ ಕೈಗೆ ಬಾರದು. ಹೊಸ ಊರಿನಲ್ಲಿ ವೈದ್ಯರನ್ನು ಹುಡುಕಲು ಬೇಕಾದ ಚೈತನ್ಯವನ್ನು ಕೊಡಬೇಕಾದುದೂ ಆ ಔಷಧವೇ!

ಸೋಮಾರಿಗಳಿಗೆ ಇದೊಂದು ಒಳ್ಳೆಯ ನೆಪವಾಗುವುದಿಲ್ಲವೇ ಎಂದು ಕೇಳುವವರುಂಟು. ಸೋಮಾರಿಗೆ ಕೆಲಸ ಬಿಟ್ಟುದರಿಂದ ನೆಮ್ಮದಿಯಾದರೂ ದೊರೆಯುತ್ತದೆ. ಇವರಿಗೆ ಅದೂ ಇಲ್ಲ. ತುಂಬದ ಅರ್ಜಿಯ ಮುಂದೆ ದಿನವಿಡೀ ಕುಳಿತು ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರೆ. ಅವರಿಗೆ ಉದ್ಯೋಗಶೀಲತೆಯ ಉಪದೇಶ ಮಾಡುವುದು, ಕಾಲು ಮುರಿದವರ ಎದುರು ನಡಿಗೆಯ ಮಹಿಮೆಯನ್ನು ವರ್ಣಿಸಿದಂತೆ.

ಉಪಕಾರವಾಗುವುದು ಬೇರೆ ಬಗೆಯ ನೆರವಿನಿಂದ. ಲಾರಿ ಹೊರಡುವ ಮುನ್ನವೇ ಹೊಸ ಊರಿನ ವೈದ್ಯರನ್ನು ಗೊತ್ತುಮಾಡಿ, ಹಳೆಯ ಚೀಟಿಗಳನ್ನು ಒಂದೇ ಚೀಲದಲ್ಲಿಟ್ಟುಕೊಳ್ಳಬೇಕು. ಹೊಸ ಮನೆಯಲ್ಲಿ ಮೊದಲ ದಿನವೇ ಬೀಗದ ಕೈಗೊಂದು ಮೊಳೆ ಹೊಡೆಯಬೇಕು. ದಿನಕ್ಕೊಂದೇ ಕೆಲಸವನ್ನು ಕಣ್ಣಿಗೆ ಬೀಳುವಂತೆ ಗೋಡೆಯ ಮೇಲೆ ಬರೆದಿಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅರ್ಜಿ ತುಂಬುವ ಹೊತ್ತಿಗೆ ಮತ್ತೊಬ್ಬರು ಸುಮ್ಮನೆ ಪಕ್ಕದಲ್ಲಿ ಕುಳಿತರೂ ಸಾಕು, ಎಷ್ಟೋ ಸಲ ಲೇಖನಿ ಓಡತೊಡಗುತ್ತದೆ. ಮನಸ್ಸು ತೀರ ಕುಸಿದಾಗ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದೇಶದ ಯಾವ ಮೂಲೆಯಿಂದಲೂ ಹಗಲಿರುಳೆನ್ನದೆ ಕರೆಮಾಡಬಹುದು. ಅದರ ಭಾಷೆಗಳಲ್ಲಿ ಕನ್ನಡವೂ ಒಂದು.

ಇದರಲ್ಲಿ ಸರ್ಕಾರದ ಹೊಣೆಯೂ ಇದೆ. 1956ರ ನವೆಂಬರ್ 1ರಂದು ಧಾರವಾಡದವರು ಮುಂಬಯಿ ರಾಜ್ಯವನ್ನೂ ರಾಯಚೂರಿನವರು ಹೈದರಾಬಾದ್ ರಾಜ್ಯವನ್ನೂ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದರು. ಹೊಸ್ತಿಲು ದಾಟದೆಯೇ ಲಕ್ಷಾಂತರ ಜನ ರಾಜ್ಯ ಬದಲಿಸಿದರು. ಕಡತಗಳ ಚಿಂತೆ ಸರ್ಕಾರಗಳದಾಗಿತ್ತು. ಇಂದು ಒಬ್ಬಂಟಿ ಮನುಷ್ಯ ರಾಜ್ಯ ಬದಲಿಸಿದರೆ ಕಡತವನ್ನು ತಾನೇ ಹೊರಬೇಕು. ಇದೇನೂ ಬದಲಿಸಲಾಗದ ವಿಧಿಯಲ್ಲ. 2019ರಲ್ಲಿ ನಾಲ್ಕು ರಾಜ್ಯಗಳಲ್ಲಿ ಮೊದಲಾದ ‘ಒಂದು ದೇಶ, ಒಂದು ಪಡಿತರ ಚೀಟಿ’ ಯೋಜನೆ 2022ರ ಜೂನ್ ವೇಳೆಗೆ ಎಲ್ಲ ರಾಜ್ಯಗಳನ್ನೂ ವ್ಯಾಪಿಸಿತು. ವಾಹನಗಳಿಗೂ 2021ರಲ್ಲಿ ‘ಬಿಎಚ್’ ಸರಣಿ ಬಂದಿತು. ಆದರೆ ಅದು ಸರ್ಕಾರಿ ನೌಕರರಿಗೂ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯುಳ್ಳ ಸಂಸ್ಥೆಗಳ ನೌಕರರಿಗೂ ಸೀಮಿತವಾಗಿ ನಿಂತಿದೆ. ಅಕ್ಕಿ ಗೋಧಿಗಳ ವಿಷಯದಲ್ಲಿ ಸಾಧ್ಯವಾದುದು ಉಳಿದ ಕಾಗದಗಳ ವಿಷಯದಲ್ಲೂ ಸಾಧ್ಯವಾಗಬೇಕು.

ಅಲ್ಲಿಯವರೆಗೆ ನೆರೆಹೊರೆಯ ಸೌಜನ್ಯವೇ ಗತಿ. ಪಕ್ಕದ ಮನೆಗೆ ಪರರಾಜ್ಯದಿಂದ ಬಂದವರ ಪೆಟ್ಟಿಗೆಗಳು ಮೂರು ತಿಂಗಳಾದರೂ ಬಿಚ್ಚದೆ ಬಿದ್ದಿದ್ದರೆ, ತೀರ್ಪು ಕೊಡುವ ಮೊದಲು ಬಾಗಿಲು ತಟ್ಟಿ, ‘ಯಾವುದನ್ನು ಮೊದಲು ಬಿಚ್ಚೋಣ?’ ಎಂದು ಕೇಳುವುದು ಮೇಲು.