ರಾತ್ರಿಯ ಓಝೋನ್ ಶ್ವಾಸಕೋಶಕ್ಕೆ ಒಳ್ಳೆಯದೇ?

‘ಬೆಳಗಿನ ಜಾವ ಗಾಳಿಯಲ್ಲಿ ಓಝೋನ್ ತುಂಬಿರುತ್ತದೆ, ಆಳವಾಗಿ ಉಸಿರಾಡಿದರೆ ಶ್ವಾಸಕೋಶ ಶುದ್ಧವಾಗುತ್ತದೆ’ ಎಂಬಂಥ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿರುತ್ತವೆ. ಇದು ಸುಳ್ಳು.

ಸುಮಾರು 15ರಿಂದ 35 ಕಿ.ಮೀ. ಎತ್ತರದ ಓಝೋನ್ ಪದರ ನೇರಳಾತೀತ ಕಿರಣಗಳಿಂದ ನಮ್ಮನ್ನು ಕಾಯುತ್ತದೆ, ನಿಜ. ಆದರೆ ಅದೇ ಅನಿಲ ನಾವು ಉಸಿರಾಡುವ ಗಾಳಿಯಲ್ಲಿದ್ದರೆ ಕೆಮ್ಮು ಬರುತ್ತದೆ, ಆಸ್ತಮಾ ಉಲ್ಬಣಿಸುತ್ತದೆ. ಅದಕ್ಕೇ ಭಾರತದಲ್ಲಿ ಇದಕ್ಕೆ 8 ಗಂಟೆಗಳ ಸರಾಸರಿ ಘನ ಮೀಟರಿಗೆ 100 ಮೈಕ್ರೊಗ್ರಾಂ ಎಂಬ ಮಿತಿ ಇದೆ.

ರಾತ್ರಿ ಓಝೋನ್ ಎಲ್ಲಿಂದ ಬರುತ್ತದೆ?

ವಾಹನ, ಕಾರ್ಖಾನೆಗಳ ಹೊಗೆಯ ಮೇಲೆ ಬಿಸಿಲು ಬಿದ್ದಾಗ ನೆಲಮಟ್ಟದ ಓಝೋನ್ ಹುಟ್ಟುತ್ತದೆ. ಕತ್ತಲಾದ ಮೇಲೆ ಉಳಿಯುವುದು ಹಗಲಿನ ಬಾಕಿ ಮಾತ್ರ. ವಾಹನ ದಟ್ಟಣೆಯಿರುವ ರಸ್ತೆಗಳಲ್ಲಿ ಹೊಗೆಯ ನೈಟ್ರಿಕ್ ಆಕ್ಸೈಡ್ ಅದನ್ನೂ ಮುಗಿಸುತ್ತದೆ. ಹಾಗಾಗಿ ನಗರಗಳಲ್ಲಿ ಸಾಮಾನ್ಯವಾಗಿ ಓಝೋನ್ ಹೆಚ್ಚಿರುವುದು ಮಧ್ಯಾಹ್ನ, ಕಡಿಮೆಯಿರುವುದು ಮುಂಜಾನೆ.

ಅನಿಲದಿಂದ ದೂಳು ಹೇಗೆ?

ಉಳಿದ ಓಝೋನ್ ಸುಮ್ಮನಿರುವುದಿಲ್ಲ. ಅದು ಹೊಗೆಯಲ್ಲಿರುವ ನೈಟ್ರೊಜನ್ ಡೈಆಕ್ಸೈಡ್ ಜೊತೆ ಸೇರಿ ‘ನೈಟ್ರೇಟ್ ರ‍್ಯಾಡಿಕಲ್’ ಆಗುತ್ತದೆ. ಬಿಸಿಲಿದ್ದರೆ ಇದು ಕ್ಷಣಾರ್ಧದಲ್ಲಿ ಒಡೆದುಹೋಗುತ್ತದೆ, ಆದ್ದರಿಂದ ಇದರ ಆಟವೆಲ್ಲ ರಾತ್ರಿ. ಮುಂದೆ ಇದರಿಂದ ತೇವದ ಕಣಗಳ ಮೇಲೆ ನೈಟ್ರಿಕ್ ಆಮ್ಲ ತಯಾರಾಗುತ್ತದೆ. ಗೊಬ್ಬರ, ಸಗಣಿಯಿಂದ ಏಳುವ ಅಮೋನಿಯಾ ಸೇರಿದರೆ ಅದು ಅಮೋನಿಯಂ ನೈಟ್ರೇಟ್ ಆಗುತ್ತದೆ. ಮರಗಿಡ, ಇಂಧನಗಳ ಆವಿಗಳೂ ಹೀಗೆಯೇ ಕಣಗಳಾಗುತ್ತವೆ. ಇವೆಲ್ಲ ಪಿಎಂ 2.5 ಲೆಕ್ಕಕ್ಕೆ ಸೇರುತ್ತವೆ. ಅಂದರೆ ಕೂದಲೆಳೆಯ ಮೂವತ್ತನೇ ಒಂದು ಪಾಲಿನಷ್ಟು ಸಣ್ಣ, ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳು.

ಚೀನಾ ಕಲಿಸಿದ ಪಾಠ

2020ರ ಲಾಕ್‌ಡೌನ್‌ನಲ್ಲಿ ಚೀನಾದ ರಸ್ತೆಗಳು ಖಾಲಿಯಾದರೂ ಬೀಜಿಂಗ್ ಸುತ್ತ ದಟ್ಟ ಹೊಗೆಮಂಜು ಕವಿಯಿತು. ಬೀಸದ, ತೇವದ ಗಾಳಿ ಒಂದು ಕಾರಣ. ಇನ್ನೊಂದು, ವಾಹನದ ಹೊಗೆ ಇಳಿದಾಗ ಓಝೋನನ್ನು ತಿನ್ನುವ ನೈಟ್ರಿಕ್ ಆಕ್ಸೈಡ್ ಕೂಡ ಇಳಿಯಿತು. ಓಝೋನ್ ಏರಿ, ರಾತ್ರಿ ಕಣಗಳು ಹುಟ್ಟುವುದೂ ಚುರುಕಾಯಿತು. ಹಾಗೆಂದು ಹೊಗೆ ಒಳ್ಳೆಯದಲ್ಲ. ಒಂದು ಅನಿಲವನ್ನಷ್ಟೇ ಇಳಿಸಿದರೆ ಸಾಲದು, ಇಂಧನದ ಆವಿ, ಅಮೋನಿಯಾಗಳನ್ನೂ ಒಟ್ಟಿಗೇ ತಗ್ಗಿಸಬೇಕು.

ನಾವು ಏನು ಮಾಡಬಹುದು?

ವಾಕಿಂಗ್‌ಗೆ ಹೊರಡುವ ಮುನ್ನ ಮೊಬೈಲ್‌ನಲ್ಲಿ ನಿಮ್ಮೂರಿನ ಎಕ್ಯುಐ ನೋಡಿ. ಎನ್95 ಮಾಸ್ಕ್ ಕಣಗಳನ್ನು ತಡೆಯುತ್ತದೆ, ಓಝೋನ್ ಅನಿಲವನ್ನಲ್ಲ. ‘ಓಝೋನ್ ಬಿಟ್ಟು ಗಾಳಿ ಶುದ್ಧ ಮಾಡುತ್ತದೆ’ ಎನ್ನುವ ಯಂತ್ರಗಳನ್ನು ಮಲಗುವ ಕೋಣೆಗೆ ತರಬೇಡಿ. ಆಸ್ತಮಾ ಇರುವವರು ಸಂದೇಶ ನಂಬಿ ಇನ್‌ಹೇಲರ್ ಬಿಡುವುದಂತೂ ಬೇಡವೇ ಬೇಡ.