ಕೀಲಿ ಬದಲಾದರೆ ಕೀಲಿಕೈಯೂ ಬದಲಾಗಬೇಕು

"ಸರ್ವರ್ ಇಲ್ರಿ, ನಾಳೆ ಬರ್ರಿ."

ಹತ್ತಿಕುಣಿ ಕಡೆಯಿಂದ ಕೂಲಿ ಬಿಟ್ಟು, ಬಸ್ ಹಿಡಿದು ಯಾದಗಿರಿಗೆ ಹೋದವರಿಗೆ ಈ ಮಾತು ಹೊಸದಲ್ಲ. ಕರೆಂಟ್ ಇರುತ್ತದೆ, ನೆಟ್ ಇರುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಕೆಲವು ಸಲ ಅಲ್ಲಿ ಕೆಟ್ಟಿರುವುದು ಏನೂ ಇರುವುದಿಲ್ಲ. ಯಾರೋ ಹೊಸ ಆವೃತ್ತಿ ಹಾಕಿರುತ್ತಾರೆ, ಅಷ್ಟೇ.

ಡೇಟಾಬೇಸ್ ಅಂದರೆ ಮಾಹಿತಿಯ ಗೋದಾಮು. ಅದರ ಬಾಗಿಲು ತೆಗೆಯುವ ಕೀಲಿಕೈಗೆ ಲೈಬ್ರರಿ ಅನ್ನುತ್ತಾರೆ. ಕೀಲಿ ಹೊಸದು ಹಾಕಿ ಕೀಲಿಕೈ ಹಳೇದೇ ಇಟ್ಟರೆ ಬಾಗಿಲು ತೆಗೆಯುತ್ತದೆಯೇ? 2018ರಲ್ಲಿ ಮೈಎಸ್‌ಕ್ಯುಎಲ್ ಡೇಟಾಬೇಸಿನ 8.0 ಆವೃತ್ತಿ ಬಂದಾಗ ಆದದ್ದು ಇದೇ. ಪಾಸ್‌ವರ್ಡ್ ಪರೀಕ್ಷಿಸುವ ರೀತಿ ಬದಲಾಯಿತು. ಪಾಸ್‌ವರ್ಡ್ ಸರಿ ಇದ್ದರೂ ಹಳೆಯ ಲೈಬ್ರರಿಗಳು ಬಾಗಿಲಲ್ಲೇ ನಿಂತವು.

ಕನ್ನಡಕ್ಕೆ ಇನ್ನೊಂದು ಅಪಾಯವಿದೆ. ಮೈಎಸ್‌ಕ್ಯುಎಲ್ 8.0ಕ್ಕಿಂತ ಮುಂಚೆ ತಾನಾಗಿ ಬಳಸುತ್ತಿದ್ದ ಲ್ಯಾಟಿನ್1 ಎಂಬ ಅಕ್ಷರ ಪದ್ಧತಿಯಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಹಳೆಯ ಲೈಬ್ರರಿ ಅದರಲ್ಲೇ ಮಾತಾಡಿದರೆ ರೈತನ ಹೆಸರಿದ್ದಲ್ಲಿ "????" ಕಾಣುತ್ತದೆ. ಅದನ್ನು ಹಾಗೇ ಸೇವ್ ಮಾಡಿದರೆ ಆ ಹೆಸರು ಅಲ್ಲಿಂದ ಮರಳಿ ಸಿಗುವುದಿಲ್ಲ.

ಇದು ಸಣ್ಣ ಮಾತಲ್ಲ. ಭೂಮಿ ಯೋಜನೆಯಲ್ಲಿ ನಮ್ಮ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಇವತ್ತು ಸಾಲ, ವಿಮೆ, ಪರಿಹಾರ ಎಲ್ಲಕ್ಕೂ ಅಂಥ ದಾಖಲೆಯೇ ಆಧಾರ.

ಈ ಕೆಲಸ ಮಾಡುವ ನಮ್ಮೂರ ಹುಡುಗ ಹುಡುಗಿಯರಿಗೆ ಒಂದು ಮಾತು. ಗಾಬರಿಯಾಗಿ ಡೇಟಾಬೇಸ್ ಅಳಿಸಿ ಮತ್ತೆ ಹಾಕಬೇಡಿ. ಮೊದಲು ಪೂರ್ತಿ ನಕಲು ತೆಗೆದಿಡಿ. ಎರರ್ ಸಂದೇಶವನ್ನು ಕೊನೆತನಕ ಓದಿ. ಡೇಟಾಬೇಸ್, ಲೈಬ್ರರಿ, ಪ್ರೋಗ್ರಾಂ ಭಾಷೆ, ಈ ಮೂರರ ಆವೃತ್ತಿ ಬರೆದುಕೊಂಡು ಒಂದಕ್ಕೊಂದು ಹೊಂದುತ್ತವೆಯೇ ನೋಡಿ. ಲೈಬ್ರರಿಯನ್ನು ಹೊಸದು ಮಾಡುವುದೇ ನಿಜವಾದ ಪರಿಹಾರ. ಹಳೆಯ ಪಾಸ್‌ವರ್ಡ್ ರೀತಿಗೆ ಮರಳುವುದು ನಾಲ್ಕು ದಿನದ ತೇಪೆ, 2024ರ 9.0 ಆವೃತ್ತಿಯಲ್ಲಿ ಅದನ್ನು ತೆಗೆದೇಹಾಕಿದ್ದಾರೆ.

ಬದಲಾವಣೆ ಬೇಡವೆಂದು ನಾವು ಹೇಳುತ್ತಿಲ್ಲ. ಹಳೇ ಕೀಲಿ ಮುರಿಯುವುದು ಸುಲಭ, ಕಳ್ಳರು ಕಾಯುತ್ತಿರುತ್ತಾರೆ. ಆದರೆ ಹೊಸದನ್ನು ಮೊದಲು ನಕಲಿನ ಮೇಲೆ ಪರೀಕ್ಷಿಸಲಿ. ಅದರಲ್ಲಿ ಕನ್ನಡ ಹೆಸರುಗಳೂ ಇರಲಿ. ಯಾವ ದಿನ ಕೆಲಸ ನಿಲ್ಲುತ್ತದೆಂದು ಮೊದಲೇ ಊರಿಗೆ ತಿಳಿಸಲಿ. ಬಂದವರ ಅರ್ಜಿಯನ್ನು ಅವತ್ತು ಕಾಗದದಲ್ಲಾದರೂ ತೆಗೆದುಕೊಂಡು ತಾರೀಖು ಹಾಕಿ ರಸೀದಿ ಕೊಡಲಿ.

ಆವೃತ್ತಿ ಬದಲಿಸಿದವರು ಒಬ್ಬರು, ದಿನಗೂಲಿ ಕಳೆದುಕೊಂಡವರು ಇನ್ನೊಬ್ಬರು. ಈ ಲೆಕ್ಕ ಸರಿಯಾಗಬೇಕು. ಮುಂದಿನ ಸಲ "ಸರ್ವರ್ ಇಲ್ರಿ" ಅಂದರೆ ಸುಮ್ಮನೆ ಬಸ್ ಹತ್ತಬೇಡಿ. "ಏನ್ ಬದಲು ಮಾಡೀರಿ? ಯಾವಾಗ ಸರಿ ಆಗ್ತದ್ರಿ?" ಅಂತ ಕೇಳಿ.