ವ್ಯವಹಾರ ವಿಚಾರ: ವಿಮೆಯ ಕಂಪೆನಿಯು ‘ಕೊಡಲಾಗದು’ ಎಂದಾಗ

ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯಲ್ಲಿ ಮೋಟಾರು ಕಾರು ಈಗ ಸಿರಿವಂತಿಕೆಯ ಕುರುಹಲ್ಲ. ತೋಟದ ನಡುವಣ ಒಂಟಿ ಮನೆಯಿಂದ ಹೆರಿಗೆಯ ಮಗಳನ್ನು ಅರ್ಧ ರಾತ್ರಿಯಲ್ಲಿ ಆಸ್ಪತ್ರೆಗೆ ಮುಟ್ಟಿಸತಕ್ಕದ್ದು ಅದೇ. ಅಂತಹ ಕಾರು ಬಿ.ಸಿ. ರೋಡಿನ ಸಂದಣಿಯಲ್ಲಿಯೋ ಚಾರ್ಮಾಡಿ ಘಾಟಿಯ ತಿರುವಿನಲ್ಲಿಯೋ ಜಖಂಗೊಂಡು, ವರ್ಷವರ್ಷವೂ ತಪ್ಪದೆ ವಿಮೆಯ ಹಣ ಕಟ್ಟಿದ ಗೃಹಸ್ಥನಿಗೆ ‘ತಮ್ಮ ಕೇಳಿಕೆಯನ್ನು ಮನ್ನಿಸಲಾಗದು’ ಎಂಬ ಪತ್ರವು ಬಂದರೆ ಅವನು ಏನು ಮಾಡಬೇಕು? ಹಲವರು ಹಣೆಬರಹವೆಂದು ಪತ್ರವನ್ನು ಮಡಚಿ ಪೆಟ್ಟಿಗೆಯಲ್ಲಿಡುವರು. ಕೆಲವರು ಕಚೇರಿಗೆ ಹೋಗಿ ಕೂಗಾಡಿ ಬರುವರು. ಎರಡರಿಂದಲೂ ಪ್ರಯೋಜನವಿಲ್ಲ. ಆ ಪತ್ರವು ತೀರ್ಪಲ್ಲ. ಒಂದು ಪಕ್ಷದವರ ಅಭಿಪ್ರಾಯ ಮಾತ್ರ.

ಮೊದಲು ಪಾಲಿಸಿಯನ್ನು ಬಿಡಿಸಿ ಓದತಕ್ಕದ್ದು. 1988ರ ಮೋಟಾರು ವಾಹನ ಕಾಯಿದೆಯು ಕಡ್ಡಾಯ ಮಾಡಿರುವುದು ನಮ್ಮ ವಾಹನದಿಂದ ಅನ್ಯರಿಗಾಗುವ ಹಾನಿಯ ವಿಮೆಯನ್ನು ಮಾತ್ರ. ಅಷ್ಟನ್ನೇ ಮಾಡಿಸಿದವರು ತಮ್ಮ ಕಾರಿನ ದುರಸ್ತಿಗೆ ಹಣ ಕೇಳುವಂತಿಲ್ಲ. ಸ್ವಂತ ವಾಹನದ ಹಾನಿಯೂ ಸೇರಿದ ಸಮಗ್ರ ಪಾಲಿಸಿಯಿದ್ದರೆ ಮಾತ್ರ ಮುಂದಿನ ಮಾತು.

ಎರಡನೆಯದಾಗಿ, ಕಡಿತ ಬೇರೆ, ನಿರಾಕರಣೆ ಬೇರೆ ಎಂಬುದನ್ನು ಅರಿಯಬೇಕು. ಮೂರೂವರೆ ವರ್ಷ ಹಳೆಯ ಸಣ್ಣ ಕಾರೊಂದರ ದುರಸ್ತಿಗೆ 40,000 ರೂಪಾಯಿ ಬಿಲ್ಲಾಯಿತೆಂದು ಭಾವಿಸೋಣ: ಲೋಹದ ಭಾಗಗಳಿಗೆ 16,000, ಪ್ಲಾಸ್ಟಿಕ್ಕಿನ ಬಂಪರು ಮೊದಲಾದವಕ್ಕೆ 8,000, ಗಾಜಿಗೆ 6,000, ಬಣ್ಣಕ್ಕೆ 4,000, ಕೂಲಿಗೆ 6,000. ಸಾಮಾನ್ಯ ಸಮಗ್ರ ಪಾಲಿಸಿಯ ಮೇರೆಗೆ ಆ ವಯಸ್ಸಿನ ಕಾರಿನ ಲೋಹದ ಭಾಗಗಳಲ್ಲಿ ನೂರಕ್ಕೆ 25ರಂತೆ 4,000 ರೂಪಾಯಿಯೂ, ಪ್ಲಾಸ್ಟಿಕ್ಕಿನಲ್ಲಿ ಅರ್ಧದಂತೆ 4,000 ರೂಪಾಯಿಯೂ ಸವಕಳಿಯೆಂದು ಕಳೆಯುವುದು. ಗಾಜಿಗೂ ಕೂಲಿಗೂ ಸವಕಳಿಯಿಲ್ಲ. ಬಣ್ಣದ ಬಿಲ್ಲಿನ ಕಾಲು ಭಾಗವನ್ನು ಸಾಮಗ್ರಿಯ ಬೆಲೆಯೆಂದೆಣಿಸಿ ಅದರ ಅರ್ಧ, ಎಂದರೆ 500 ರೂಪಾಯಿ ಕಳೆಯುವರು. ಮಾಲೀಕನೇ ಹೊರಬೇಕಾದ ಕಡ್ಡಾಯ ಪಾಲು 1,000. ಹಳೆಯ ಭಾಗಗಳ ಗುಜರಿ ಬೆಲೆಯನ್ನು ಬದಿಗಿಟ್ಟರೆ ಕೈಗೆ ಬರತಕ್ಕದ್ದು 30,500 ರೂಪಾಯಿ. ಇಷ್ಟು ಬಂದಲ್ಲಿ ಮೋಸವಾಯಿತೆಂದು ಜಗಳವಾಡುವುದು ವ್ಯರ್ಥ. 20,000 ಮಾತ್ರ ಬಂದರೆ ಬಾಬುವಾರು ಲೆಕ್ಕವನ್ನು ಕೇಳುವುದು ಧರ್ಮ. ಸವಕಳಿಯ ಕಡಿತವಿಲ್ಲದ ಹೆಚ್ಚುವರಿ ರಕ್ಷಣೆಗೆ ಹಣ ಕಟ್ಟಿದವರಾದರೆ ಈ ಲೆಕ್ಕವೇ ಬೇರೆಯಾಗುವುದು.

ಇನ್ನು ಪೂರ್ಣ ನಿರಾಕರಣೆಯ ಮಾತು. ಷರತ್ತೊಂದು ತಪ್ಪಿತೆಂಬ ಮಾತ್ರದಿಂದಲೇ ಕೇಳಿಕೆಯು ಬಿದ್ದುಹೋಗುವುದೆ? ಹಾಸನದಿಂದ ಹೊರಟ ಒಂದು ವ್ಯಾಜ್ಯವು ಇದಕ್ಕೆ ದಾರಿ ತೋರಿಸಿದೆ. ಓರಿಯೆಂಟಲ್ ಇನ್ಶೂರೆನ್ಸ್ ಕಂಪೆನಿಯ ಹಾಸನದ ವಿಭಾಗೀಯ ಕಚೇರಿಯಲ್ಲಿ ವಿಮೆಯಾಗಿದ್ದ ಸರಕು ವಾಹನವೊಂದು ಎದುರು ಬಂದ ವಾಹನಕ್ಕೆ ಡಿಕ್ಕಿಯಾಯಿತು. ಚಾಲಕನಲ್ಲದೆ ಆರು ಮಂದಿ ಕೆಲಸಗಾರರಿಗೆ ಅವಕಾಶವಿದ್ದಲ್ಲಿ ಒಂಬತ್ತು ಮಂದಿ ಇದ್ದರೆಂದು ಕಂಪೆನಿಯು ಹಣ ಕೊಡಲೊಲ್ಲದು. ರಾಜ್ಯ ಆಯೋಗವು ಮಾಲೀಕನ ಪರವಾಗಿಯೂ, ರಾಷ್ಟ್ರೀಯ ಆಯೋಗವು ಕಂಪೆನಿಯ ಪರವಾಗಿಯೂ ಹೇಳಿದವು. ಕೊನೆಗೆ 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಹೆಚ್ಚಿನ ಜನರಿದ್ದುದು ಅಪಘಾತಕ್ಕೆ ಕಾರಣವಾಗಿರಲಿಲ್ಲವಾದುದರಿಂದ ಅದು ಕರಾರಿನ ಮೂಲವನ್ನೇ ಮುರಿಯುವಂತಹ ತಪ್ಪಲ್ಲವೆಂದು ಮಾಲೀಕನ ಪರವಾಗಿ ತೀರ್ಮಾನಿಸಿತು. ಧರ್ಮಸ್ಥಳಕ್ಕೆ ಹೊರಟ ಮನೆಯ ಕಾರಿನಲ್ಲಿ ಒಬ್ಬ ನೆಂಟರು ಹೆಚ್ಚಾಗಿ ಕುಳಿತಿದ್ದರೆಂದು ಕಂಪೆನಿಯು ತಕರಾರು ತೆಗೆದರೆ ಗೃಹಸ್ಥನು ಕೇಳಬೇಕಾದ ಪ್ರಶ್ನೆಯೂ ಇದೇ: ಆ ತಪ್ಪಿಗೂ ಈ ಅಪಘಾತಕ್ಕೂ ಸಂಬಂಧವೇನು?

ಆದರೆ ಕಂಪೆನಿಯ ಪಕ್ಷದಲ್ಲಿಯೂ ನ್ಯಾಯವಿರುವ ಸಂದರ್ಭಗಳುಂಟು. ಲೈಸೆನ್ಸಿಲ್ಲದ ಹುಡುಗನ ಕೈಗೆ ಕಾರನ್ನು ಕೊಟ್ಟವರಿಗೂ, ಕುಡಿದು ನಡೆಸಿದವರಿಗೂ, ವಿಮೆಯ ಅವಧಿ ತೀರಿದ್ದರೂ ಸುಮ್ಮನಿದ್ದವರಿಗೂ ವಾದವು ಉಳಿಯುವುದಿಲ್ಲ. ಹಳೆಯ ಕಾರನ್ನು ಕೊಂಡವರು ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ಸ್ವಂತ ಹಾನಿಗೆ ಹಣ ಕೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಮತ್ತೊಂದು ವ್ಯಾಜ್ಯದಲ್ಲಿ ಹೇಳಿದೆ. ಎಲ್ಲಕ್ಕಿಂತ ಕೆಟ್ಟದ್ದು ಸುಳ್ಳು. ಅಳಿಯನು ನಡೆಸುತ್ತಿದ್ದಾಗ ಮಾವನು ನಡೆಸುತ್ತಿದ್ದನೆಂದು ಬರೆದರೆ, ಗೆಲ್ಲಬಹುದಾಗಿದ್ದ ಕೇಳಿಕೆಯೂ ಸೋಲುವುದು. ಮನೆತನದ ಮಾತಿಗೆ ಬೆಲೆಯೂ ಹೋಗುವುದು.

ಆದುದರಿಂದ ಕ್ರಮವನ್ನು ನೆನಪಿನಲ್ಲಿಡಬೇಕು. ಯಾರಿಗಾದರೂ ಗಾಯವಾಗಿದ್ದರೆ ಮೊದಲ ಕರ್ತವ್ಯ ವೈದ್ಯರ ಬಳಿಗೆ ಒಯ್ಯುವುದು, ಎರಡನೆಯದು ಪೊಲೀಸರಿಗೆ ತಿಳಿಸುವುದು. ಕಾರನ್ನು ಕದಲಿಸುವುದಕ್ಕೆ ಮೊದಲು ರಸ್ತೆಯೂ ಜಖಮೂ ಕಾಣುವಂತೆ ಚಿತ್ರಗಳನ್ನು ತೆಗೆದಿಡಿರಿ. ಅದೇ ದಿನ ಕಂಪೆನಿಗೆ ತಿಳಿಸಿರಿ. ಸರ್ವೆಯರು ಬಂದು ನೋಡುವ ತನಕ ಗ್ಯಾರೇಜಿನವನಿಗೆ ಬಿಚ್ಚಗೊಡಬೇಡಿರಿ. ಮಳೆಯಿಂದ ಘಾಟಿಯ ದಾರಿ ಕಡಿದುದರಿಂದಲೋ ಅಂತಹ ಬೇರೆ ಅನಿವಾರ್ಯ ಕಾರಣದಿಂದಲೋ ತಡವಾಯಿತೆ? ತಡವೊಂದನ್ನೇ ಹಿಡಿದು ನಿಜವಾದ ಕೇಳಿಕೆಯನ್ನು ತಳ್ಳಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2011ರ ಸೆಪ್ಟೆಂಬರಿನಲ್ಲಿ ಕಂಪೆನಿಗಳಿಗೆ ಸುತ್ತೋಲೆ ಕಳುಹಿಸಿದೆ. ಸರ್ವೆಯರು ಕಡಿಮೆ ಬರೆದರೆ ಅವರ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ಆ ವರದಿಯು ಮುಖ್ಯವಾದುದಾದರೂ ಅದೇ ಕೊನೆಯ ಮಾತಲ್ಲವೆಂದು 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿದೆ. ಮೊಬಲಗಿಗೆ ಒಪ್ಪಿಗೆಯಿಲ್ಲದಿದ್ದಲ್ಲಿ ‘ಪೂರ್ಣ ತೃಪ್ತಿಯಿಂದ ಪಡೆದೆನು’ ಎಂಬ ರಸೀತಿಗೆ ಸಹಿ ಹಾಕದೆ, ಆಕ್ಷೇಪವನ್ನು ಬರೆದೇ ಹಣವನ್ನು ತೆಗೆದುಕೊಳ್ಳಿರಿ.

ಬಳಿಕ ಕಂಪೆನಿಯ ದೂರು ವಿಭಾಗಕ್ಕೆ ಪತ್ರ ಬರೆದು, ಪಾಲಿಸಿಯ ಯಾವ ಷರತ್ತಿನ ಮೇಲೆ ನಿರಾಕರಿಸಿದಿರೆಂದು ಕೇಳತಕ್ಕದ್ದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮರ್ಪಕವಾಗಿಲ್ಲದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್‌ರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು; ಅಲ್ಲಿ ಶುಲ್ಕವಿಲ್ಲ, ವಕೀಲರ ಅವಶ್ಯಕತೆಯಿಲ್ಲ, ಅವರ ತೀರ್ಪಿಗೆ ಕಂಪೆನಿಯು ಬದ್ಧವಾಗಿರುವುದು. ಇಲ್ಲವೆ ಮಂಗಳೂರಿನಲ್ಲಿರುವ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಕಂಪೆನಿಯ ಕಚೇರಿ ಎಲ್ಲಿಯೇ ಇರಲಿ, ದೂರುದಾರನು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಕೊಡುವ ಹಕ್ಕನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಕೊಟ್ಟಿದೆ. ಆಯೋಗದಲ್ಲಿ ವ್ಯಾಜ್ಯ ನಡೆಯುತ್ತಿರುವಾಗ ಅದೇ ವಿಷಯವನ್ನು ಓಂಬುಡ್ಸ್‌ಮನ್‌ರ ಮುಂದಿಡಲಾಗದು; ಆದುದರಿಂದ ಯಾವ ಬಾಗಿಲನ್ನು ಮೊದಲು ತಟ್ಟಬೇಕೆಂಬುದನ್ನು ಯೋಚಿಸಿ ನಿಶ್ಚಯಿಸುವುದೊಳ್ಳೆಯದು.

ವಿಮೆಯ ಹಣವು ಕಂಪೆನಿಯು ಕೊಡುವ ದಾನವಲ್ಲ. ಬೆಲೆ ಕೊಟ್ಟು ಕೊಂಡ ಭರವಸೆ. ಮನೆಯ ಯಜಮಾನನೊಬ್ಬನಿಗೇ ಪಾಲಿಸಿಯು ಎಲ್ಲಿದೆಯೆಂಬುದು ಗೊತ್ತಿದ್ದರೆ ಸಾಲದು. ಅಪಘಾತದಲ್ಲಿ ಆಸ್ಪತ್ರೆಯನ್ನು ಸೇರತಕ್ಕವನು ಅವನೇ ಆಗಬಹುದು. ಗೃಹಿಣಿಯರೂ ಬೆಳೆದ ಮಕ್ಕಳೂ ಆ ಕಾಗದವನ್ನು ಒಮ್ಮೆ ಓದಿ, ಅವಧಿ ತೀರುವ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಮಾಡಿಟ್ಟರೆ ಮುಂದಣ ವಿವಾದಗಳಲ್ಲಿ ಅರ್ಧಪಾಲು ಹುಟ್ಟುವ ಮೊದಲೇ ತೀರುವುವು.